ಮಾರ್ಮನ್ ಮತದಿಂದ ಸಿಡಿದವರು ಕಟ್ಟಿದ ಊರುಗಳು

ಊರು ಬಿಟ್ಟು ಹೊರಟವರು ತಮ್ಮ ದೇವರನ್ನೂ ನುಡಿಯನ್ನೂ ಜೊತೆಗೆ ಕೊಂಡೊಯ್ಯುವುದು ನಮಗೆ ಹೊಸದಲ್ಲ. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡವೂ ಚೌಡೇಶ್ವರಿಯ ಪೂಜೆಯೂ ಇಂದಿಗೂ ಉಳಿದಿರುವುದು ಹಾಗೆಯೇ. ಆದರೆ ಒಬ್ಬನೇ ಗುರುವನ್ನು ನಂಬಿದವರು, ಅವನು ಸತ್ತ ಮೇಲೆ ದಿಕ್ಕಿಗೊಂದು ಗುಂಪಾಗಿ ಹೋಗಿ ಬೇರೆ ಬೇರೆ ಊರು ಕಟ್ಟಿಕೊಂಡ ಕಥೆ ಅಮೆರಿಕದ್ದು.

ಜೋಸೆಫ್ ಸ್ಮಿತ್ ಎಂಬವನು 1830ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಹೊಸ ಕ್ರೈಸ್ತ ಸಭೆಯೊಂದನ್ನು ಸ್ಥಾಪಿಸಿದನು. ಅವನು ಪ್ರಕಟಿಸಿದ 'ಮಾರ್ಮನ್ ಗ್ರಂಥ'ದಿಂದ ಅವನ ಅನುಯಾಯಿಗಳಿಗೆ ಮಾರ್ಮನ್ನರೆಂದು ಹೆಸರಾಯಿತು. ನೆರೆಹೊರೆಯವರ ದ್ವೇಷಕ್ಕೆ ಗುರಿಯಾಗಿ ಅಲೆದ ಇವರು ಕೊನೆಗೆ ಮಿಸಿಸಿಪಿ ನದಿಯ ದಂಡೆಯ ಮೇಲೆ 'ನಾವೂ' ಎಂಬ ಪಟ್ಟಣ ಕಟ್ಟಿದರು. (ಕಿವಿಗೆ ಕನ್ನಡದಂತೆ ಕೇಳಿಸಿದರೂ ಅದು ಹೀಬ್ರೂ ಮೂಲದ ಹೆಸರು!) 1844ರ ಜೂನ್ 27ರಂದು ಕಾರ್ತೇಜ್ ಊರಿನ ಸೆರೆಮನೆಗೆ ನುಗ್ಗಿದ ಗುಂಪೊಂದು ಸ್ಮಿತ್‌ನನ್ನು ಗುಂಡಿಟ್ಟು ಕೊಂದಿತು.

ಮುಂದಿನ ಗುರು ಯಾರು? ಎಲ್ಲರೂ ಒಪ್ಪುವ ಏರ್ಪಾಡು ಇರಲಿಲ್ಲ. ಹೆಚ್ಚಿನವರು ಬ್ರಿಗಮ್ ಯಂಗ್‌ನ ಹಿಂದೆ ನಡೆದು 1847ರಲ್ಲಿ ಯೂಟಾದ ಉಪ್ಪಿನ ಸರೋವರದ ಕಣಿವೆ ಸೇರಿದರು. ಈ ಸಭೆಯವರು ಈಗ ಕೊಯಮತ್ತೂರಿನಲ್ಲೂ ಇದ್ದಾರೆ. ಉಳಿದವರು ಬೇರೆ ಬೇರೆ ನಾಯಕರನ್ನು ಹಿಡಿದರು. ಪಶ್ಚಿಮದಲ್ಲಿ ನೆಲ ಖಾಲಿ ಇದೆ ಎಂಬುದು ಅಂದಿನ ಮಾತು. ಅದು ಮೂಲನಿವಾಸಿಗಳ ನೆಲವೆಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಇವರಲ್ಲಿ ಜೇಮ್ಸ್ ಸ್ಟ್ರಾಂಗ್‌ನದು ವಿಚಿತ್ರ ಪ್ರಸಂಗ. ವಕೀಲನಾದ ಅವನು ಮತಕ್ಕೆ ಸೇರಿ ನಾಲ್ಕೇ ತಿಂಗಳಾಗಿತ್ತು. ಸ್ಮಿತ್ ತನ್ನನ್ನೇ ನೇಮಿಸಿದ್ದಾನೆಂದು ಪತ್ರವೊಂದನ್ನು ತೋರಿಸಿದನು. 1845ರಲ್ಲಿ ವಿಸ್ಕಾನ್ಸಿನ್‌ನ ಗುಡ್ಡವೊಂದರಿಂದ ಹಿತ್ತಾಳೆಯ ತಗಡುಗಳನ್ನೂ ಅಗೆಸಿ ತೆಗೆಸಿದನು. ನಂಬಿದವರು ಕಡಿಮೆಯೇನಿರಲಿಲ್ಲ. ಅವರನ್ನು ಮಿಷಿಗನ್ ಸರೋವರದ ಬೀವರ್ ದ್ವೀಪಕ್ಕೆ ಕರೆದೊಯ್ದು, 1850ರ ಜುಲೈ 8ರಂದು ಕಿರೀಟ ಧರಿಸಿ ರಾಜನೇ ಆದನು! ಗಣರಾಜ್ಯದ ನಡುವೆ ಒಬ್ಬ ರಾಜ. ಆ ರಾಜನೇ ಚುನಾವಣೆಗೆ ನಿಂತು ಮಿಷಿಗನ್ ಶಾಸನಸಭೆಗೂ ಗೆದ್ದು ಹೋದನು. ಬಹುಪತ್ನಿತ್ವವನ್ನು ಮೊದಲು ಖಂಡಿಸಿದವನು ಆಮೇಲೆ ಮೊದಲ ಹೆಂಡತಿಯ ಜೊತೆಗೆ ಇನ್ನೂ ನಾಲ್ವರನ್ನು ಮದುವೆಯಾದನು. ಹೆಂಗಸರು ಯಾವ ಉಡುಪು ತೊಡಬೇಕೆಂಬುದಕ್ಕೂ ಅವನ ಅಪ್ಪಣೆಯಿತ್ತು. ಅವನ ಆಳ್ವಿಕೆಯಲ್ಲಿ ಛಡಿ ಏಟು ತಿಂದಿದ್ದ ಒಬ್ಬನೂ ಅವನ ಸಂಗಡಿಗನೂ 1856ರ ಜೂನ್‌ನಲ್ಲಿ ಅವನಿಗೆ ಗುಂಡು ಹಾರಿಸಿದರು. ಉತ್ತರಾಧಿಕಾರಿಯನ್ನು ಹೆಸರಿಸದೆಯೇ ಜುಲೈ 9ರಂದು ಸತ್ತನು. ಅಷ್ಟರಲ್ಲಿ ಹೊರಗಿನ ಜನ ದ್ವೀಪಕ್ಕೆ ನುಗ್ಗಿ, ಎರಡು ಸಾವಿರಕ್ಕೂ ಮಿಕ್ಕ ಅನುಯಾಯಿಗಳನ್ನು ಹಡಗುಗಳಿಗೆ ತುಂಬಿ ಅಟ್ಟಿದರು. ಮನೆ, ಹೊಲ, ದನಕರು ಎಲ್ಲವೂ ಹೋದವು.

ಲೈಮನ್ ವೈಟ್ ಟೆಕ್ಸಾಸ್‌ನಲ್ಲಿ ಜೋಡಿಯಾಕ್ ಎಂಬ ಊರು ಕಟ್ಟಿ ಹಿಟ್ಟಿನ ಗಿರಣಿ ನಡೆಸಿದನು. ನೆರೆ ಬಂದು ಗಿರಣಿ ಹಾಳಾಯಿತು. ಆಲ್ಫಿಯಸ್ ಕಟ್ಲರ್‌ನ ಜನ, ಅವನು ತೀರಿಕೊಂಡ ಮರುವರ್ಷ, 1865ರಲ್ಲಿ ಮಿನೆಸೋಟದ ಕ್ಲಿಥರಾಲ್‌ಗೆ ಹೋಗಿ ನೆಲೆಸಿದರು.

ಯೂಟಾದಲ್ಲೇ ಹುಟ್ಟಿದ ಒಡಕು ಎಲ್ಲಕ್ಕಿಂತ ದಾರುಣ. ಜೋಸೆಫ್ ಮಾರಿಸ್ ಎಂಬವನು ಕಿಂಗ್‌ಟನ್ ಕೋಟೆಯಲ್ಲಿ ಜನರನ್ನು ಕೂಡಿಸಿ, ಕ್ರಿಸ್ತನು ಇಂಥ ದಿನ ಬರುವನೆಂದು ಸಾರಿದನು. ಆಸ್ತಿಯೆಲ್ಲ ಸಾಮೂಹಿಕ. ಹೇಳಿದ ದಿನ ಕಳೆಯಿತು, ಯಾರೂ ಬರಲಿಲ್ಲ. ಕೆಲವರು ಬಿಟ್ಟು ಹೊರಟು ತಮ್ಮ ಪಾಲು ಕೇಳಿದರು. ಜಗಳ ಬೆಳೆದು ಮೂವರು ಸೆರೆಯಾಳುಗಳಾದರು. 1862ರ ಜೂನ್‌ನಲ್ಲಿ ನ್ಯಾಯಾಲಯದ ಆಜ್ಞೆ ಹಿಡಿದು ಬಂದ ಯೂಟಾದ ಪಡೆ ಫಿರಂಗಿ ಹಾರಿಸಿತು. ಮೊದಲ ಗುಂಡಿಗೇ ಇಬ್ಬರು ಹೆಂಗಸರು ಬಲಿಯಾದರು. ಮೂರನೆಯ ದಿನ ಮಾರಿಸ್‌ನೂ ಸತ್ತನು. ಹಿಂದೆ ಗುಂಪುಗಳ ಹಿಂಸೆಗೆ ಹೆದರಿ ಓಡಿಬಂದವರೇ ಈಗ ಫಿರಂಗಿಯ ಈಚೆ ಬದಿಗೆ ನಿಂತಿದ್ದರು.

ಹೀಗೆ ಚದುರಿದವರಲ್ಲಿ ಅನೇಕರು 1860ರಲ್ಲಿ ಸ್ಮಿತ್‌ನ ಮಗ ಮೂರನೆಯ ಜೋಸೆಫ್ ಸ್ಮಿತ್ ಮುಖ್ಯಸ್ಥನಾದ ಸಭೆಯನ್ನು ಸೇರಿಕೊಂಡರು. 2001ರಿಂದ ಅದಕ್ಕೆ 'ಕಮ್ಯೂನಿಟಿ ಆಫ್ ಕ್ರೈಸ್ಟ್' ಎಂದು ಹೆಸರು. ಬೀವರ್ ದ್ವೀಪದ ಬಂದರಿನ ಹಳ್ಳಿಗೆ ಇಂದಿಗೂ ಸೇಂಟ್ ಜೇಮ್ಸ್ ಎಂಬುದೇ ಹೆಸರು, ಅಲ್ಲಿನ ಮುಖ್ಯ ರಸ್ತೆ 'ರಾಜನ ಹೆದ್ದಾರಿ'. ಸ್ಟ್ರಾಂಗ್‌ನ ಜನ ಕಟ್ಟಿದ ಮುದ್ರಣಾಲಯ ಈಗ ವಸ್ತುಸಂಗ್ರಹಾಲಯವಾಗಿದೆ.