ಹೆಚ್ಚು ದಕ್ಷತೆಯ ಪಂಪು ಮೋಟಾರುಗಳಿಗೆ ತಕ್ಕ ರಕ್ಷಣೆ

ಹುನಗುಂದ, ಇಳಕಲ್ ಸೀಮೆಯಲ್ಲಿ ಕೃಷ್ಣಾ, ಮಲಪ್ರಭಾ ನದಿಗಳ ದಂಡೆಯ ರೈತರೂ ಬಾವಿಯನ್ನವಲಂಬಿಸಿದ ಎರೆಭೂಮಿಯ ಒಕ್ಕಲಿಗರೂ ನೀರೆತ್ತುವುದಕ್ಕೆ ವಿದ್ಯುತ್ತಿನ ಮೋಟಾರನ್ನೇ ನಂಬಿರುವರು. ಹಳೆಯದು ಕೆಟ್ಟಾಗ ಭಾರತೀಯ ಮಾನಕ 12615ರ ಐ.ಇ.3 ಗುರುತುಳ್ಳ ಹೆಚ್ಚು ದಕ್ಷತೆಯ ಮೋಟಾರನ್ನು ಕೊಳ್ಳುವುದು ಯೋಗ್ಯವೇ ಸರಿ. ಆದರೆ ಮೋಟಾರನ್ನು ಮಾತ್ರ ಬದಲಿಸಿ, ಗೋಡೆಯ ಮೇಲಿನ ಸ್ಟಾರ್ಟರು, ಫ್ಯೂಸುಗಳನ್ನು ಹಾಗೆಯೇ ಬಿಟ್ಟರೆ, ಪೈರು ನೀರು ಬೇಡುವ ಹೊತ್ತಿಗೇ ಹೊಸ ಮೋಟಾರು ಸುಟ್ಟುಹೋಗುವ ಸಂಭವವುಂಟು.

ಇದರ ಕಾರಣವನ್ನು ತಿಳಿಯತಕ್ಕದ್ದು. ಹೊಸ ಮೋಟಾರಿನ ಸುರುಳಿಗಳಲ್ಲಿ ತಡೆ ಕಡಿಮೆ. ಆದ್ದರಿಂದ ಅದು ಓಡುವಾಗ ಕಡಿಮೆ ಪ್ರವಾಹವನ್ನೂ, ಹೊರಡುವ ಕ್ಷಣದಲ್ಲಿ ಹೆಚ್ಚು ಪ್ರವಾಹವನ್ನೂ ಎಳೆಯುವುದು. 415 ವೋಲ್ಟಿನ 5 ಅಶ್ವಶಕ್ತಿಯ ಹಳೆಯ ಮೋಟಾರು ಪೂರ್ಣ ಭಾರದಲ್ಲಿ ಸುಮಾರು 7.7 ಆಂಪಿಯರ್ ಎಳೆದರೆ, ಹೊಸದಕ್ಕೆ ಸುಮಾರು 7 ಸಾಕು. ಹೊರಡುವಾಗಲಾದರೋ ಇದರ ಏಳೆಂಟು ಪಟ್ಟು, ಎಂದರೆ 49ರಿಂದ 56 ಆಂಪಿಯರ್ ಬೇಕಾಗುವುದು. ಮೊದಲ ಕ್ಷಣದ ಏರು ಇನ್ನೂ ಹೆಚ್ಚು.

ರಕ್ಷಣೆಯ ಕೆಲಸಗಳು ಎರಡು, ಇವುಗಳನ್ನು ಬೆರೆಸಬಾರದು.

ಮೊದಲನೆಯದು ಅತಿಭಾರದಿಂದ ರಕ್ಷಣೆ. ಇದು ಓವರ್‌ಲೋಡ್ ರಿಲೇಯ ಕೆಲಸ. ಅದರ ಮುಳ್ಳನ್ನು ಮೋಟಾರಿನ ಫಲಕದಲ್ಲಿ ಕೆತ್ತಿರುವ ಆಂಪಿಯರಿಗೇ ಇಡತಕ್ಕದ್ದು. ಹಳೆಯ 8ರ ಗುರುತಿನಲ್ಲೇ ಬಿಟ್ಟರೆ ರಿಲೇಯು 9.6 ಆಂಪಿಯರ್ ತನಕ ಸುಮ್ಮನಿರಬಹುದು. 7ರ ಮೋಟಾರು ಅಷ್ಟರಲ್ಲಿ ಬೆಂದಿರುವುದು. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇಯು ಸುರುಳಿಯ ತಂತಿಯಲ್ಲಿದ್ದರೆ ಫಲಕದ ಅಂಕಿಯನ್ನು 0.58ರಿಂದ ಗುಣಿಸಬೇಕು: 14 ಆಂಪಿಯರಿಗೆ ಸುಮಾರು 8.1.

ಎರಡನೆಯದು ತಂತಿಗಳು ಒಂದಕ್ಕೊಂದು ತಗುಲಿದಾಗ ಒಡನೆಯೇ ಪ್ರವಾಹವನ್ನು ಕಡಿಯುವುದು. ಇದು ಫ್ಯೂಸ್ ಅಥವಾ ಎಂ.ಸಿ.ಬಿ.ಯ ಕೆಲಸ. 10 ಆಂಪಿಯರಿನ ಸಿ ವರ್ಗದ ಎಂ.ಸಿ.ಬಿ.ಯು 50ರಿಂದ 100 ಆಂಪಿಯರಿನೊಳಗೆ ತಟ್ಟನೆ ಬೀಳುವುದು. ಆದಕಾರಣ ಹೊಸ ಮೋಟಾರು ಹೊರಡುವಾಗಲೇ ಬೀಳಬಹುದು. ಡಿ ವರ್ಗದ್ದು 100ರಿಂದ 200ರೊಳಗೆ ಬೀಳುವುದರಿಂದ ಮೋಟಾರಿಗೆ ಅದೇ ಯುಕ್ತ. ಸ್ಟಾರ್ಟರ್ ತಯಾರಕರ ಪಟ್ಟಿಯಲ್ಲಿ ಮೋಟಾರಿನ ಶಕ್ತಿಗೆ ಹೇಳಿರುವ ಅಳತೆಯನ್ನೇ ಕೊಂಡು, ಕೇಬಲ್ ಅದಕ್ಕೆ ತಕ್ಕಷ್ಟು ದಪ್ಪವಿದೆಯೇ ಎಂದು ನೋಡಿಕೊಳ್ಳಬೇಕು.

ಫ್ಯೂಸ್ ಪದೇಪದೇ ಹೋಗುವುದೆಂದು ದಪ್ಪ ತಾಮ್ರದ ತಂತಿಯನ್ನು ಸುತ್ತುವ ರೂಢಿಯು ಅತ್ಯಂತ ಅಪಾಯಕರ. ದೋಷ ಬಂದಾಗ ಪ್ರವಾಹವು ಕಡಿಯದೆ ಕೇಬಲ್ಲೇ ಹೊತ್ತಿಕೊಳ್ಳುವುದು. ನೀರು ಬಿಡಲು ಹೋದ ಆಳಿನ ಪ್ರಾಣಕ್ಕೂ ಸಂಚಕಾರ.

ವೋಲ್ಟೇಜು ಇಳಿದಾಗ ಮೋಟಾರು ಹೆಚ್ಚು ಆಂಪಿಯರ್ ಎಳೆದು ರಿಲೇ ಬೀಳುವುದು. ಆಗ ರಿಲೇಯ ಮುಳ್ಳನ್ನು ಏರಿಸದೆ ಪಂಪನ್ನು ನಿಲ್ಲಿಸಿ, ಹೆಸ್ಕಾಂ ಸಿಬ್ಬಂದಿಗೆ ತಿಳಿಸುವುದು ಲೇಸು. ಮೂರು ಫೇಸುಗಳಲ್ಲಿ ಒಂದು ತಪ್ಪಿದರೆ ಉಳಿದೆರಡರ ಮೇಲೆ ಭಾರ ಬಿದ್ದು ಸುರುಳಿ ಸುಡುವುದು. ಆದ್ದರಿಂದ ಫೇಸ್ ತಪ್ಪಿದೊಡನೆ ಮೋಟಾರನ್ನು ನಿಲ್ಲಿಸುವ ಸಾಧನವೂ, ಸರಿಯಾದ ಅರ್ಥಿಂಗೂ ಇರಲೇಬೇಕು.

ಗ್ರಾಮದ ಗೌಡರೂ ಭೂಮಾಲೀಕರೂ ತಮ್ಮ ಊರಿನ ಪಂಪುಮನೆಗಳಲ್ಲಿ ಮೋಟಾರಿನ ಫಲಕದ ಅಂಕಿಯನ್ನೂ ರಿಲೇಯ ಅಂಕಿಯನ್ನೂ ಒಮ್ಮೆ ಹೋಲಿಸಿ ನೋಡಿಸಬೇಕು. ಮುಖ್ಯ ಸ್ವಿಚ್ಚನ್ನು ತೆಗೆಸಿ, ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನಿಂದಲೇ ಇದನ್ನು ಸರಿಪಡಿಸಬೇಕು. ಇದಕ್ಕೆ ತಗಲುವ ವೆಚ್ಚವು ಸುಟ್ಟ ಮೋಟಾರನ್ನು ಮತ್ತೆ ಸುತ್ತಿಸುವ ವೆಚ್ಚಕ್ಕಿಂತಲೂ, ಒಣಗಿದ ಪೈರಿನ ನಷ್ಟಕ್ಕಿಂತಲೂ ಅಲ್ಪವೇ ಸರಿ.