ಸಮಾಜಕಾರ್ಯ ಕಲಿಸುವ ಗುರುಗಳು: ಎಲ್ಲಿಂದ ಬಂದರು, ಯಾವುದರಲ್ಲಿ ಮನಸ್ಸಿಟ್ಟರು



ಈ ವರ್ಷದಿಂದ ನಮ್ಮ ಟ್ರಸ್ಟ್‌ನ ವಿದ್ಯಾರ್ಥಿವೇತನದ ಪಟ್ಟಿಗೆ ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯನ್ನೂ ಅದೇ ವಿಷಯದ ಪಿಎಚ್.ಡಿ.ಯನ್ನೂ ಸೇರಿಸಿದ್ದೇವೆ. ಈ ತೀರ್ಮಾನ ತಿಳಿದ ಮೇಲೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ನಮ್ಮ ಮುಂದೆ ಬಂದವು. ದಾನಿಗಳು ಕೇಳಿದ್ದು: ‘ವೈದ್ಯಕೀಯ, ಎಂಜಿನಿಯರಿಂಗ್, ನರ್ಸಿಂಗ್ ಓದುವ ಬಡ ಮಕ್ಕಳೇ ಸಾಲುಗಟ್ಟಿ ನಿಂತಿರುವಾಗ, ಸಮಾಜಸೇವೆ ಮಾಡುವುದಕ್ಕೂ ಡಿಗ್ರಿ ಬೇಕೆ?’ ಹೆತ್ತವರು ಕೇಳಿದ್ದು: ‘ಇದನ್ನು ಕಲಿಸುವವರು ಯಾರು? ಏನು ಕಲಿಸುತ್ತಾರೆ? ನಮ್ಮ ಮಗಳನ್ನು ಎಲ್ಲಿಗೆಲ್ಲ ಕಳಿಸುತ್ತಾರೆ?’

ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ಸಿಗುತ್ತದೆ. ಆದ್ದರಿಂದ ವಿಶ್ವವಿದ್ಯಾನಿಲಯಗಳಲ್ಲಿ ಸಮಾಜಕಾರ್ಯ ಕಲಿಸುವ ಅಧ್ಯಾಪಕರು ಎಂಥ ಹಿನ್ನೆಲೆಯಿಂದ ಬರುತ್ತಾರೆ, ಅವರ ಆಸಕ್ತಿಗಳು ಏನು, ಅದರಿಂದ ಸಮಾಜಕ್ಕೆ ಏನು ಸಿಗುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಸೇವೆ ಮತ್ತು ಕಾರ್ಯ

ರಮಝಾನ್ ತಿಂಗಳಲ್ಲಿ ನಾವು ರೇಷನ್ ಕಿಟ್ ಹಂಚುತ್ತೇವೆ. ಇದು ಸೇವೆ. ಇದನ್ನು ಮಾಡಲು ಪದವಿ ಬೇಕಿಲ್ಲ, ಒಳ್ಳೆಯ ಮನಸ್ಸು ಸಾಕು. ಆದರೆ ಒಬ್ಬ ವಿಧವೆಯ ಹೆಸರು ಐದು ವರ್ಷ ಅದೇ ಪಟ್ಟಿಯಲ್ಲಿ ಇದ್ದರೆ, ಏಕೆ ಎಂದು ಕೇಳಬೇಕಾಗುತ್ತದೆ. ವಿಧವಾ ವೇತನ ಬರುತ್ತಿಲ್ಲವೆ? ಗಂಡನ ಮರಣ ಪ್ರಮಾಣಪತ್ರ ಮಾಡಿಸಿಲ್ಲವೆ? ದೊಡ್ಡ ಮಗ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ್ದಾನೆಯೆ? ಮನೆಯಲ್ಲಿ ಯಾರಿಗಾದರೂ ವಾಸಿಯಾಗದ ಕಾಯಿಲೆ ಇದೆಯೆ? ಹೀಗೆ ಕ್ರಮವಾಗಿ ಕೇಳಿ, ಕೇಳಿದ್ದನ್ನು ಬರೆದಿಟ್ಟು, ಆ ಕುಟುಂಬ ತನ್ನ ಕಾಲ ಮೇಲೆ ನಿಲ್ಲುವವರೆಗೆ ಜೊತೆಗಿರುವುದು ಸಮಾಜಕಾರ್ಯ. ಇದಕ್ಕೆ ಕಾನೂನು, ಮನಃಶಾಸ್ತ್ರ, ಸರಕಾರಿ ಯೋಜನೆಗಳು, ಸಂಶೋಧನಾ ವಿಧಾನ ಎಲ್ಲವೂ ಗೊತ್ತಿರಬೇಕು. ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ ಎಂದು ಪಠ್ಯದಲ್ಲಿ ಓದುವುದು ಇದನ್ನೇ. ಒಬ್ಬ ವ್ಯಕ್ತಿಯೊಂದಿಗೆ, ಒಂದು ಗುಂಪಿನೊಂದಿಗೆ, ಒಂದು ಇಡೀ ಮೊಹಲ್ಲಾ ಅಥವಾ ಹಳ್ಳಿಯೊಂದಿಗೆ ಕೆಲಸ ಮಾಡುವ ಮೂರು ವಿಧಾನಗಳು ಇವು.

ಮೊದಲ ಗುರುಗಳು

ಈ ವಿಷಯವನ್ನು ಮೊದಲು ಕಲಿಸಿದವರು ಸಮಾಜಕಾರ್ಯದ ಪದವಿ ಪಡೆದವರಾಗಿರಲಿಲ್ಲ, ಏಕೆಂದರೆ ಆಗ ಅಂಥ ಪದವಿಯೇ ಇರಲಿಲ್ಲ. ಅಮೆರಿಕದ ಮೇರಿ ರಿಚ್ಮಂಡ್ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಬಾಲ್ಟಿಮೋರ್ ನಗರದ ಒಂದು ದಾನಸಂಸ್ಥೆಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿ, ನೆರವು ಕೇಳಿ ಬರುವ ಕುಟುಂಬಗಳ ಸ್ಥಿತಿಯನ್ನು ಅರಿಯುವ ಪದ್ಧತಿಯನ್ನು ರೂಪಿಸಿದರು. 1917ರಲ್ಲಿ ಅವರು ಬರೆದ ‘ಸೋಶಿಯಲ್ ಡಯಾಗ್ನೋಸಿಸ್’ ಈ ವಿಷಯದ ಮೊದಲ ದೊಡ್ಡ ಪಠ್ಯವಾಯಿತು. ಜರ್ಮನಿಯ ಆಲಿಸ್ ಸಾಲೊಮನ್ ಅರ್ಥಶಾಸ್ತ್ರದವರು. ಒಂದೇ ಕೆಲಸಕ್ಕೆ ಗಂಡಸಿಗೂ ಹೆಂಗಸಿಗೂ ಬೇರೆ ಬೇರೆ ಕೂಲಿ ಏಕೆ ಎಂಬುದು ಅವರ ಡಾಕ್ಟರೇಟ್ ವಿಷಯ. 1908ರಲ್ಲಿ ಅವರು ಬರ್ಲಿನ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ಸಮಾಜಕಾರ್ಯದ ಶಾಲೆ ತೆರೆದರು.

ನಮ್ಮ ದೇಶದ ಕಥೆಯನ್ನು ದಾನಿಗಳು ವಿಶೇಷವಾಗಿ ಗಮನಿಸಬೇಕು. ಭಾರತದ ಮೊದಲ ಸಮಾಜಕಾರ್ಯ ಶಾಲೆ ಹುಟ್ಟಿದ್ದು ಒಂದು ಧರ್ಮದತ್ತಿ ಟ್ರಸ್ಟ್‌ನ ತೀರ್ಮಾನದಿಂದ. ಸರ್ ದೊರಾಬ್ಜಿ ಟಾಟಾ ಟ್ರಸ್ಟ್‌ನ ಮುಂದೆಯೂ ನಮ್ಮ ಮುಂದಿರುವ ಪ್ರಶ್ನೆಯೇ ಇತ್ತು: ಕೈಯಲ್ಲಿರುವ ಹಣವನ್ನು ಕೇಳಿದವರಿಗೆಲ್ಲ ಸ್ವಲ್ಪ ಸ್ವಲ್ಪ ಹಂಚಬೇಕೋ, ಅಥವಾ ಕಷ್ಟದ ಕಾರಣ ತಿಳಿದು ಕೆಲಸ ಮಾಡುವವರನ್ನು ತಯಾರು ಮಾಡಬೇಕೋ? ಎರಡನೆಯ ದಾರಿಯನ್ನು ಸೂಚಿಸಿದವರು ಕ್ಲಿಫರ್ಡ್ ಮ್ಯಾನ್ಶರ್ಟ್ ಎಂಬ ಅಮೆರಿಕದ ಪಾದ್ರಿ. ಅವರು 1920ರ ದಶಕದಲ್ಲಿ ಮುಂಬೈಗೆ ಬಂದು, ದುಡಿಯುವ ಬಡವರು ಕಿಕ್ಕಿರಿದಿದ್ದ ನಾಗಪಾಡಾದಲ್ಲಿ ‘ನೇಬರ್‌ಹುಡ್ ಹೌಸ್’ ನಡೆಸುತ್ತಿದ್ದರು. ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ಬಾಳುವ ಬಡಾವಣೆ ಅದು. ಆ ಗಲ್ಲಿಗಳಲ್ಲಿ ಕಂಡದ್ದರ ಆಧಾರದ ಮೇಲೆ ಅವರು ಕೊಟ್ಟ ಸಲಹೆಯಿಂದ 1936ರಲ್ಲಿ ಶಾಲೆ ಆರಂಭವಾಯಿತು. ಅವರೇ ಅದರ ಮೊದಲ ನಿರ್ದೇಶಕರು. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ.

ಅನಂತರ ಆ ಸಂಸ್ಥೆಯನ್ನು ನಡೆಸಿದವರ ಹಿನ್ನೆಲೆಯೂ ಒಂದೇ ತೆರನಾದದ್ದಲ್ಲ. 1950ರ ದಶಕದಲ್ಲಿ ನಿರ್ದೇಶಕರಾದ ಎ.ಆರ್. ವಾಡಿಯಾ ಪಾರ್ಸಿಯವರು. ಅದಕ್ಕೂ ಮೊದಲು ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಭಾರತದಲ್ಲಿ ಸಮಾಜಕಾರ್ಯದ ಇತಿಹಾಸ ಮತ್ತು ತತ್ತ್ವದ ಬಗ್ಗೆ ಅವರು ಸಂಪಾದಿಸಿದ ಗ್ರಂಥ 1961ರಲ್ಲಿ ಬಂತು. ಅವರ ನಂತರ ಇಪ್ಪತ್ತು ವರ್ಷ ಸಂಸ್ಥೆಯನ್ನು ನಡೆಸಿದ ಎಂ.ಎಸ್. ಗೋರೆ ಸಮಾಜಶಾಸ್ತ್ರದವರು. ನಗರಕ್ಕೆ ಬಂದ ಮೇಲೆ ಕೂಡುಕುಟುಂಬ ಹೇಗೆ ಬದಲಾಗುತ್ತದೆ ಎಂಬುದನ್ನು ಅಧ್ಯಯನ ಮಾಡಿದವರು. ಮುಂದೆ ಅಂಬೇಡ್ಕರ್ ಅವರ ಚಿಂತನೆಯ ಬಗ್ಗೆ ಪುಸ್ತಕ ಬರೆದರು. 1982ರಲ್ಲಿ ಬಂದ ಆರ್ಮೈಟಿ ದೇಸಾಯಿಯವರು ಸಮಾಜಕಾರ್ಯವನ್ನೇ ಓದಿ, ಅದನ್ನೇ ಕಲಿಸಿ ಬಂದವರು. ಮುಂದೆ ಅವರು ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) ಅಧ್ಯಕ್ಷರಾದರು.

ಕರ್ನಾಟಕದಲ್ಲಿಯೂ ಹಾಗೆಯೇ. ಮಂಗಳೂರಿನ ರೋಶನಿ ನಿಲಯವನ್ನು 1960ರಲ್ಲಿ ಕ್ರೈಸ್ತ ಸನ್ಯಾಸಿನಿಯರು ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಚ್.ಎಂ. ಮರುಳಸಿದ್ಧಯ್ಯನವರು ಬಳ್ಳಾರಿ ಸೀಮೆಯ ಹಳ್ಳಿಯಿಂದ ಬಂದವರು. ಅವರು ಸಂಶೋಧನೆಗೆ ಎತ್ತಿಕೊಂಡದ್ದು ಹಳ್ಳಿಯೊಂದರ ಮುದುಕ-ಮುದುಕಿಯರ ಬದುಕನ್ನು. ಆ ಪುಸ್ತಕ ಬಂದದ್ದು 1969ರಲ್ಲಿ. ವೃದ್ಧರ ಸಮಸ್ಯೆಯ ಬಗ್ಗೆ ಇಂದಿನಷ್ಟು ಮಾತು ಆಗ ಇರಲಿಲ್ಲ. ಸಮಾಜಕಾರ್ಯವನ್ನು ಕನ್ನಡದಲ್ಲಿ ಬರೆದು ಕನ್ನಡದ ಮಕ್ಕಳಿಗೆ ಮುಟ್ಟಿಸಿದವರಲ್ಲಿ ಅವರು ಪ್ರಮುಖರು.

ಪಾದ್ರಿ, ತತ್ತ್ವಶಾಸ್ತ್ರಜ್ಞ, ಸಮಾಜಶಾಸ್ತ್ರಜ್ಞ, ಸನ್ಯಾಸಿನಿಯರು, ಹಳ್ಳಿಯಿಂದ ಬಂದ ಮೇಷ್ಟರು: ಇವರೆಲ್ಲ ಸೇರಿ ಕಟ್ಟಿದ ವಿಷಯವಿದು.

ಗುರುವಿನ ಆಸಕ್ತಿಯಿಂದ ಸಮಾಜಕ್ಕೆ ಸಿಕ್ಕದ್ದು

ಸಮಾಜಕಾರ್ಯದ ಅಧ್ಯಾಪಕರು ಯಾವುದರಲ್ಲಿ ಮನಸ್ಸಿಡುತ್ತಾರೋ ಅವರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯ ಆ ಕಡೆ ತಿರುಗುತ್ತದೆ. ಅಲ್ಲಿಂದ ಕೆಲವೊಮ್ಮೆ ಇಡೀ ದೇಶಕ್ಕೆ ಉಪಯೋಗವಾಗುವ ಕೆಲಸ ಹುಟ್ಟುತ್ತದೆ.

ಸಂಕಟದಲ್ಲಿರುವ ಮಕ್ಕಳಿಗಾಗಿ ಇರುವ 1098 ಸಹಾಯವಾಣಿ ಎಲ್ಲರಿಗೂ ಗೊತ್ತು. ಅದು 1996ರಲ್ಲಿ ಟಾಟಾ ಸಂಸ್ಥೆಯ ಅಧ್ಯಾಪಕಿ ಜೆರೂ ಬಿಲಿಮೋರಿಯಾ ಅವರ ಪ್ರಯತ್ನದಿಂದ, ಸಂಸ್ಥೆಯ ಒಂದು ಪ್ರಯೋಗವಾಗಿ ಮುಂಬೈಯಲ್ಲಿ ಶುರುವಾಯಿತು. ಮನೆಯಲ್ಲಿ ಹಿಂಸೆ ಅನುಭವಿಸುವ ಹೆಂಗಸರಿಗೆ ಪೊಲೀಸ್ ವ್ಯವಸ್ಥೆಯೊಳಗೇ ಸಮಾಜಕಾರ್ಯಕರ್ತೆಯ ನೆರವು ಸಿಗಬೇಕೆಂದು ಅದೇ ಸಂಸ್ಥೆ 1984ರಲ್ಲಿ ಮುಂಬೈ ಪೊಲೀಸರೊಂದಿಗೆ ವಿಶೇಷ ಘಟಕ ತೆರೆಯಿತು.

ಆಸಕ್ತಿಗೆ ಉದ್ಯೋಗವೂ ಕಾರಣವಾಗುತ್ತದೆ. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತು. ಹೀಗಾಗಿ ಕಾರ್ಮಿಕ ಕಲ್ಯಾಣ ಮತ್ತು ಮಾನವ ಸಂಪನ್ಮೂಲದಲ್ಲಿ ಪರಿಣತಿ ಪಡೆದ ಅಧ್ಯಾಪಕರು ನಮ್ಮ ರಾಜ್ಯದ ವಿಭಾಗಗಳಲ್ಲಿ ಬಹಳ ಮಂದಿ ಇದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ರೋಗಿಗೆ ಮಾತ್ರೆ ಬರೆದುಕೊಡುವುದು ವೈದ್ಯರ ಕೆಲಸ. ಮನೆಯವರು ಆತನನ್ನು ಹೇಗೆ ನೋಡಿಕೊಳ್ಳಬೇಕು, ಕೆಲಸಕ್ಕೆ ಮರಳುವುದು ಹೇಗೆ ಎಂಬುದನ್ನು ನೋಡುವವರು ಅಲ್ಲಿ ತರಬೇತಿಯಾದ ಸಮಾಜಕಾರ್ಯಕರ್ತರು.

ನಮ್ಮ ಸಮುದಾಯಕ್ಕೆ ಇದು ಏಕೆ ಬೇಕು

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪ ಖಾಸಗಿಯಾಗಿ ನಡೆಯುತ್ತಿದ್ದ ಒಂದು ಮಾನಸಿಕ ರೋಗಿಗಳ ಆಶ್ರಯಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟವರು ಕ್ರೂರಿಗಳೇನಲ್ಲ. ಶಿಫಾ ಸಿಗಲಿ ಎಂದು ನಂಬಿ ದೂರದಿಂದ ಕರೆತಂದ ಮನೆಯವರು. ದುಆ ಕೇಳುವವರ ನಂಬಿಕೆಯನ್ನು ನೋಯಿಸದೆ, ದವಾ ಕೂಡ ಬೇಕೆಂದು ಆ ಮನೆಯವರಿಗೆ ಒಪ್ಪಿಸಬಲ್ಲವರು ಬೇಕಿತ್ತು. ಆ ಮನೆಯ ಮಾತು, ನಂಬಿಕೆ, ನಾಚಿಕೆ, ಭಯ ತಿಳಿದವರಿಗೆ ಈ ಕೆಲಸ ಸುಲಭ.

ಬೀಡಿ ಕಟ್ಟುವ ಹೆಂಗಸರ ಆರೋಗ್ಯ, ಗಲ್ಫ್‌ಗೆ ಹೋದವರ ಮನೆಯಲ್ಲಿ ಒಂಟಿಯಾಗಿ ಸಂಸಾರ ನಡೆಸುವ ತಾಯಂದಿರು, ಎಂಟನೆಯ ತರಗತಿಗೆ ಶಾಲೆ ಬಿಡುವ ಹುಡುಗರು, ಮಾದಕ ಚಟಕ್ಕೆ ಬಿದ್ದ ಯುವಕರು: ಇವೆಲ್ಲ ನಮ್ಮ ಜಮಾಅತ್‌ಗಳಲ್ಲಿ ದಿನವೂ ಕಾಣುವ ಸಂಗತಿಗಳು. ಇವು ತರಗತಿಯ ಪಾಠವಾಗಬೇಕಾದರೆ, ಸಂಶೋಧನೆಯ ವಿಷಯವಾಗಬೇಕಾದರೆ, ಇದರಲ್ಲಿ ಆಸಕ್ತಿಯಿರುವ ಅಧ್ಯಾಪಕರು ಬೇಕು. ಆದರೆ 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 14.2 ಇದ್ದರೆ, 2020–21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಶೇ. 4.6, ಅಧ್ಯಾಪಕರಲ್ಲಿ ಶೇ. 5.6 ಮಾತ್ರ.

ಮುಸ್ಲಿಮರ ಕಷ್ಟವನ್ನು ಮುಸ್ಲಿಮರೇ ಕಲಿಸಬೇಕು ಎಂಬುದು ನಮ್ಮ ಮಾತಿನ ಅರ್ಥವಲ್ಲ. ನಾಗಪಾಡಾದಲ್ಲಿ ದುಡಿದ ಮ್ಯಾನ್ಶರ್ಟ್ ಕ್ರೈಸ್ತರು. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ 1967ರಿಂದ ಇರುವ ಸಮಾಜಕಾರ್ಯ ವಿಭಾಗದಲ್ಲಿ ಎಲ್ಲ ಧರ್ಮದ ಮಕ್ಕಳೂ ಓದುತ್ತಾರೆ. ನಮ್ಮ ಮಕ್ಕಳೂ ದಲಿತ ಕೇರಿಯಲ್ಲಿ, ಹಾಡಿಯಲ್ಲಿ, ವೃದ್ಧಾಶ್ರಮದಲ್ಲಿ ದುಡಿಯಬೇಕು. ಬೇರೆ ಬೇರೆ ಮನೆಗಳಿಂದ ಬಂದವರು ಕಟ್ಟಿದ ಈ ವಿಷಯದಲ್ಲಿ ನಮ್ಮ ಮನೆಯವರೂ ಇರಬೇಕು ಎಂಬುದಷ್ಟೇ ನಮ್ಮ ಆಸೆ.

ಅಧ್ಯಾಪಕರಾಗುವ ದಾರಿ

ಎಂ.ಎಸ್.ಡಬ್ಲ್ಯು. ಎರಡು ವರ್ಷದ ಓದು. ಬಿ.ಎಸ್.ಡಬ್ಲ್ಯು. ಮಾಡಿದವರಷ್ಟೇ ಅಲ್ಲ, ಬೇರೆ ಪದವಿ ಮಾಡಿದವರನ್ನೂ ಅನೇಕ ವಿಶ್ವವಿದ್ಯಾನಿಲಯಗಳು ಸೇರಿಸಿಕೊಳ್ಳುತ್ತವೆ. ಮುಗಿಸಿದವರಿಗೆ ಆಸ್ಪತ್ರೆ, ಮಕ್ಕಳ ರಕ್ಷಣಾ ಘಟಕ, ಕಾರ್ಖಾನೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸದ ಅವಕಾಶವಿದೆ. ಅಧ್ಯಾಪಕರಾಗಬೇಕಾದರೆ ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ ಶೇ. 55 ಅಂಕ ಬೇಕು. ಮೀಸಲಾತಿಯ ಕೆಲವು ವರ್ಗಗಳಿಗೆ ಶೇ. 5 ರಿಯಾಯಿತಿ ಇದೆ. ಅದರ ಮೇಲೆ ಯುಜಿಸಿಯ ನೆಟ್ ಅಥವಾ ರಾಜ್ಯದ ಕೆ-ಸೆಟ್ ಪರೀಕ್ಷೆ ಪಾಸಾಗಬೇಕು; ಹಲವರು ನಂತರ ಪಿಎಚ್.ಡಿ.ಯನ್ನೂ ಮಾಡುತ್ತಾರೆ.

ಬಡ ಮನೆಯ ಮಕ್ಕಳು ನಿಂತುಹೋಗುವುದು ಎಂ.ಎಸ್.ಡಬ್ಲ್ಯು. ಮತ್ತು ಪಿಎಚ್.ಡಿ. ನಡುವೆ. ನೆಟ್‌ನಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರ ಜನವರಿಯಿಂದ ನಿಗದಿಯಾದಂತೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಸಿಗದವರಿಗೆ, ಅಲ್ಪಸಂಖ್ಯಾತ ಸಮುದಾಯದವರಾಗಿದ್ದರೆ, ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಒಂದು ಆಸರೆಯಾಗಿತ್ತು. ಕೇಂದ್ರ ಸರಕಾರ ಅದನ್ನು 2022–23ರಿಂದ ನಿಲ್ಲಿಸಿತು. ಮನೆಯಲ್ಲಿ ಸಂಪಾದನೆ ಬೇಕು ಎಂಬ ಒತ್ತಡವಿರುವಾಗ ಇಪ್ಪತ್ತನಾಲ್ಕು ವರ್ಷದ ಮಗನೋ ಮಗಳೋ ‘ಇನ್ನು ಎರಡು ವರ್ಷ ಓದುತ್ತೇನೆ’ ಎನ್ನುವುದು ಸುಲಭವಲ್ಲ. ನಮ್ಮ ನೆರವು ಮುಖ್ಯವಾಗಿ ಈ ಕಂದಕಕ್ಕೆ ಒಂದು ಸಂಕ.

ಕಾಲೇಜು ಆರಿಸುವಾಗ

ಫೀಸು, ಹಾಸ್ಟೆಲ್ ವಿಚಾರಿಸುವ ಜೊತೆಗೆ ಈ ನಾಲ್ಕು ಪ್ರಶ್ನೆ ಕೇಳಿ:

1. ಅಧ್ಯಾಪಕರ ವಿಶೇಷ ವಿಷಯ ಯಾವುದು? ಮಗಳಿಗೆ ಮಾನಸಿಕ ಆರೋಗ್ಯದಲ್ಲಿ ಆಸಕ್ತಿಯಿದ್ದು, ವಿಭಾಗದಲ್ಲಿ ಎಲ್ಲರೂ ಮಾನವ ಸಂಪನ್ಮೂಲದವರೇ ಆಗಿದ್ದರೆ ಬೇರೆ ಕಾಲೇಜು ನೋಡುವುದು ಒಳ್ಳೆಯದು.

2. ವಾರಕ್ಕೆ ಎಷ್ಟು ದಿನ ಕ್ಷೇತ್ರಕಾರ್ಯ? ಸಾಮಾನ್ಯವಾಗಿ ಎರಡು ದಿನ ಇರುತ್ತದೆ. ಕಾಗದದಲ್ಲಿ ಮಾತ್ರ ಇದ್ದರೆ ಪದವಿ ಸಿಗುತ್ತದೆ, ವಿದ್ಯೆ ಸಿಗುವುದಿಲ್ಲ.

3. ಕ್ಷೇತ್ರಕಾರ್ಯದ ವರದಿಯನ್ನು ಅಧ್ಯಾಪಕರು ಪ್ರತಿ ವಾರ ವಿದ್ಯಾರ್ಥಿಯೊಂದಿಗೆ ಕುಳಿತು ಓದುತ್ತಾರೆಯೆ?

4. ಅಧ್ಯಾಪಕರು ತಾವೇ ಯಾವುದಾದರೂ ಬಡಾವಣೆ, ಹಳ್ಳಿ ಅಥವಾ ಆಸ್ಪತ್ರೆಯೊಂದಿಗೆ ಕೆಲಸ ಮಾಡುತ್ತಿದ್ದಾರೆಯೆ?

ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವ ತಾಯಿತಂದೆಯರಿಗೆ ಒಂದು ಮಾತು. ಕ್ಷೇತ್ರಕಾರ್ಯವೆಂದರೆ ಗೊತ್ತುಗುರಿಯಿಲ್ಲದೆ ಅಲೆಯುವುದಲ್ಲ. ಒಂದು ಆಸ್ಪತ್ರೆ, ಶಾಲೆ ಅಥವಾ ನೋಂದಾಯಿತ ಸಂಸ್ಥೆಗೆ ಕಾಲೇಜೇ ನಿಯೋಜಿಸುತ್ತದೆ. ಅಲ್ಲಿ ಒಬ್ಬರು, ಕಾಲೇಜಿನಲ್ಲಿ ಒಬ್ಬರು ಮೇಲ್ವಿಚಾರಕರು ಇರುತ್ತಾರೆ. ಸೇರಿಸುವ ಮೊದಲು ಆ ಅಧ್ಯಾಪಕರನ್ನು ಭೇಟಿಯಾಗಿ ಮಾತಾಡಿ. ನಮ್ಮ ಮನೆಗಳಲ್ಲಿ ಗಂಡಸರಿಗೆ ತೆರೆಯದ ಎಷ್ಟೋ ಬಾಗಿಲು, ಎಷ್ಟೋ ಮನಸ್ಸು, ಈ ಹೆಣ್ಣುಮಕ್ಕಳಿಗೆ ತೆರೆಯುತ್ತವೆ ಎಂಬುದನ್ನೂ ನೆನೆಯಿರಿ.

ವಿದ್ಯಾರ್ಥಿವೇತನದ ಸೂಚನೆ

ಮಾನ್ಯತೆ ಪಡೆದ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್.ಡಬ್ಲ್ಯು. ಅಥವಾ ಸಮಾಜಕಾರ್ಯದ ಪಿಎಚ್.ಡಿ.ಗೆ ಸೇರಿದವರೂ, ಎಂ.ಎಸ್.ಡಬ್ಲ್ಯು. ಮುಗಿಸಿ ನೆಟ್ ಅಥವಾ ಕೆ-ಸೆಟ್‌ಗೆ ತಯಾರಾಗುತ್ತಿರುವವರೂ ಅರ್ಜಿ ಹಾಕಬಹುದು. ಅರ್ಜಿ ನಮೂನೆ ಈ ವರದಿಯ ಕೊನೆಯಲ್ಲಿದೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನೂ, ಕಾಲೇಜಿಗೆ ಸೇರಿದವರು ಪ್ರವೇಶ ಶುಲ್ಕದ ರಸೀದಿಯನ್ನೂ ಲಗತ್ತಿಸಬೇಕು. ಜೊತೆಗೆ, ನಿಮ್ಮ ಊರಿನಲ್ಲಿ ಅಥವಾ ಮೊಹಲ್ಲಾದಲ್ಲಿ ನಿಮ್ಮನ್ನು ಕಾಡುವ ಒಂದು ಸಮಸ್ಯೆಯ ಬಗ್ಗೆ ಕನ್ನಡದಲ್ಲೋ ಉರ್ದುವಿನಲ್ಲೋ ಒಂದು ಪುಟ ಬರೆದು ಕೊಡಬೇಕು. ಭಾಷೆಯ ಅಂದವನ್ನು ನಾವು ನೋಡುವುದಿಲ್ಲ. ನಿಮ್ಮ ಮನಸ್ಸು ಯಾವ ಕಡೆಗಿದೆ ಎಂದು ತಿಳಿಯಬೇಕಷ್ಟೆ.

ದಾನಿಗಳ ಗಮನಕ್ಕೆ: ಝಕಾತ್ ಖಾತೆಯ ಹಣ ಝಕಾತ್‌ಗೆ ಅರ್ಹರಾದ ವಿದ್ಯಾರ್ಥಿಗಳಿಗೇ ಹೋಗುತ್ತದೆ. ಸದಕಾ ಮತ್ತು ಸಾಮಾನ್ಯ ದೇಣಿಗೆಯ ಲೆಕ್ಕ ಪ್ರತ್ಯೇಕ. ನಿಮ್ಮ ದೇಣಿಗೆ ಸಮಾಜಕಾರ್ಯದ ವಿದ್ಯಾರ್ಥಿಗೇ ಸಲ್ಲಬೇಕೆಂದಿದ್ದರೆ ರಸೀದಿಯಲ್ಲಿ ಹಾಗೆಂದು ಬರೆಸಿರಿ.

ಒಬ್ಬ ಒಳ್ಳೆಯ ಅಧ್ಯಾಪಕಿ ವರ್ಷಕ್ಕೆ ಮೂವತ್ತು ಮಕ್ಕಳಿಗೆ ಕಲಿಸಿದರೂ ಮೂವತ್ತು ವರ್ಷದಲ್ಲಿ ಒಂಬೈನೂರು ಮಂದಿಯಾಗುತ್ತಾರೆ. ಅವರು ಎಷ್ಟು ಮನೆಗಳ ಬಾಗಿಲು ತಟ್ಟುತ್ತಾರೋ ಲೆಕ್ಕವಿಲ್ಲ. ದಾನಿ ತೀರಿಕೊಂಡ ಮೇಲೂ ನಿಲ್ಲದೆ ಹರಿಯುವ ಪುಣ್ಯವನ್ನು ಸದಕಾ ಜಾರಿಯಾ ಎನ್ನುತ್ತೇವೆ. ಅಂಥ ಒಬ್ಬ ಗುರುವನ್ನು ತಯಾರು ಮಾಡುವುದೂ ಅದರಲ್ಲಿ ಸೇರುತ್ತದೆ ಎಂದು ನಾವು ನಂಬಿದ್ದೇವೆ. ನಿಮ್ಮ ದಾನವನ್ನೂ ನಮ್ಮ ಮಕ್ಕಳ ಶ್ರಮವನ್ನೂ ಅಲ್ಲಾಹನು ಸ್ವೀಕರಿಸಲಿ, ಆಮೀನ್.