ಎತ್ತುವ ಭಾರಕ್ಕೆ ಯಾರ ಲೆಕ್ಕ?

ಪವರ್‌ಲಿಫ್ಟಿಂಗ್‌ನಲ್ಲಿ ಇರುವುದು ಮೂರೇ ಲಿಫ್ಟ್. ಹೆಗಲ ಮೇಲೆ ಬಾರ್ ಹೊತ್ತು ಬಸ್ಕಿಯಂತೆ ಕುಳಿತು ಏಳುವ ಸ್ಕ್ವಾಟ್, ಅಂಗಾತ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್, ನೆಲದ ಮೇಲಿನ ಬಾರನ್ನು ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್. ಒಂದೊಂದಕ್ಕೂ ಮೂರು ಅವಕಾಶ. ಪ್ರತಿಯೊಂದರಲ್ಲೂ ಎತ್ತಿದ ಅತಿ ಹೆಚ್ಚಿನ ಭಾರವನ್ನು ಕೂಡಿದರೆ ಸ್ಪರ್ಧಿಯ ಮೊತ್ತ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ವೇಟ್‌ಲಿಫ್ಟಿಂಗ್‌ನಲ್ಲಿ. ಅದು ಬೇರೆ ಆಟ, ಅಲ್ಲಿ ಬಾರ್ ತಲೆಯ ಮೇಲಕ್ಕೆ ಹೋಗಬೇಕು. ಒಂದರ ತರಬೇತಿ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ ಈ ವ್ಯತ್ಯಾಸ ಮೊದಲೇ ಗೊತ್ತಿರಲಿ.

ಇವತ್ತು ಜಿಮ್ ಸೇರುವ ಹುಡುಗ ಹುಡುಗಿಯರಿಗೆ ತರಬೇತಿ ಕ್ರಮಗಳ ಬರವಿಲ್ಲ. ಫೋನ್ ತೆರೆದರೆ ಹತ್ತಾರು ಸಿಗುತ್ತವೆ, ಬಹಳಷ್ಟು ಪುಕ್ಕಟೆಯಾಗಿ. ಯಾವುದು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಇದು: ನನ್ನ ಬಲ ಈಗ ಎಷ್ಟು ದಿನಕ್ಕೊಮ್ಮೆ ಹೆಚ್ಚುತ್ತಿದೆ? ಬಾರ್ ಎತ್ತುವ ಹೊತ್ತಿನಲ್ಲಿ ಯಾರಿಗೂ ಬಲ ಬರುವುದಿಲ್ಲ. ದಣಿದ ದೇಹ ಊಟ ನಿದ್ದೆಗಳಲ್ಲಿ ಸುಧಾರಿಸಿಕೊಂಡು, ಹಿಂದಿಗಿಂತ ತುಸು ಗಟ್ಟಿಯಾಗುವಾಗ ಬರುತ್ತದೆ. ಹೊಸಬರಿಗೆ ಇದಕ್ಕೆ ಎರಡು ದಿನ ಸಾಕು. ವರ್ಷಗಟ್ಟಲೆ ಎತ್ತಿದವರಿಗೆ ವಾರ ಬೇಕು, ಆಮೇಲೆ ತಿಂಗಳುಗಳು. ಹೆಸರಾಂತ ಕ್ರಮಗಳೆಲ್ಲ ಈ ಅವಧಿಯ ಬೇರೆ ಬೇರೆ ಅಂದಾಜಿನ ಮೇಲೆ ನಿಂತಿವೆ.

ಅಮೆರಿಕದ ಟೆಕ್ಸಾಸ್‌ನ ಮಾರ್ಕ್ ರಿಪ್ಪಟೋ 2005ರಲ್ಲಿ ಹೊರತಂದ ‘ಸ್ಟಾರ್ಟಿಂಗ್ ಸ್ಟ್ರೆಂತ್’ ಹೊಸಬರಿಗಾಗಿಯೇ ಇರುವುದು. ವಾರಕ್ಕೆ ಮೂರು ದಿನ, ಸ್ಕ್ವಾಟ್‌ನಲ್ಲಿ ಐದೈದು ರೆಪ್‌ಗಳ (ಸಲಗಳ) ಮೂರು ಸೆಟ್ (ಸುತ್ತು), ಪ್ರತಿ ಸಲವೂ ಹಿಂದಿನ ಭಾರಕ್ಕೆ ಸ್ವಲ್ಪ ಸೇರ್ಪಡೆ. ದಿನಕ್ಕೆ 2.5 ಕಿಲೋ ಎಂದಿಟ್ಟುಕೊಂಡರೂ ತಿಂಗಳ 12 ದಿನಕ್ಕೆ 30 ಕಿಲೋ ಆಯಿತು. ಇದೇ ವೇಗ ವರ್ಷದ 52 ವಾರವೂ ಸಾಗುವುದಾದರೆ 390 ಕಿಲೋ ಹೆಚ್ಚಬೇಕು! ಹಾಗೆ ಯಾರಿಗೂ ಆಗುವುದಿಲ್ಲ. ಕೆಲವು ತಿಂಗಳಲ್ಲಿ ಇದು ನಿಂತೇ ನಿಲ್ಲುತ್ತದೆ. ನಿಂತಾಗ ಕ್ರಮ ಕೆಟ್ಟದ್ದೆಂದು ಬೈಯಬೇಕಿಲ್ಲ, ತನ್ನ ಕೆಲಸ ಮುಗಿಸಿದೆ ಅಷ್ಟೆ. ಊಟ ನಿದ್ದೆ ಸರಿಯಾಗಿದ್ದೂ ಅದೇ ಭಾರ ಮತ್ತೆ ಮತ್ತೆ ಕೈಕೊಟ್ಟರೆ ಮುಂದಿನದಕ್ಕೆ ಹೋಗುವ ಸಮಯ ಬಂದಿದೆ ಎಂದು ಅರ್ಥ. ಅಲ್ಲಿಯವರೆಗೆ ಬಿಡಬಾರದು. ಎರಡು ತಿಂಗಳಾದರೂ ಒಂದನ್ನು ಪೂರ್ತಿ ಮಾಡದೆ ಮೂರು ಕ್ರಮ ಬದಲಿಸುವವರು ಕಳೆದುಕೊಳ್ಳುವುದು ಈ ಸುಲಭದ ಗಳಿಕೆಯನ್ನೇ, ಅದು ಜೀವಮಾನದಲ್ಲಿ ಒಮ್ಮೆ ಮಾತ್ರ ಸಿಗುವಂಥದು.

ಆಮೇಲಿನ ಹಂತಕ್ಕೆ ಜಿಮ್ ವೆಂಡ್ಲರ್ 2009ರಲ್ಲಿ ಪ್ರಕಟಿಸಿದ 5/3/1 ಹೊಂದುತ್ತದೆ. ಅದರ ಜಾಣತನವೆಲ್ಲ ಒಂದು ಸಣ್ಣ ನಿಯಮದಲ್ಲಿದೆ: ನಿಮ್ಮ ಗರಿಷ್ಠ ಭಾರದ ಶೇ. 90ನ್ನೇ ಗರಿಷ್ಠವೆಂದು ಹಿಡಿದು ಲೆಕ್ಕ ಹಾಕಿ. 120 ಕಿಲೋ ಸ್ಕ್ವಾಟ್ ಮಾಡುವವರು 108ನ್ನು ಆಧಾರವಾಗಿಡಬೇಕು. ಮೊದಲ ವಾರ ಅದರ ಶೇ. 65, 75, 85, ಅಂದರೆ ಸುಮಾರು 70, 80, 92.5 ಕಿಲೋ. ಮೂರನೆಯ ವಾರದ ದೊಡ್ಡ ಸೆಟ್ ಶೇ. 95, ಸುಮಾರು 102.5 ಕಿಲೋ. ನಾಲ್ಕನೆಯ ವಾರ ಹಗುರ, ಇದಕ್ಕೆ ಡಿಲೋಡ್ ಎನ್ನುತ್ತಾರೆ. ಆಮೇಲೆ ಆಧಾರದ ಅಂಕಿಗೆ ಸ್ಕ್ವಾಟ್, ಡೆಡ್‌ಲಿಫ್ಟ್‌ಗಳಲ್ಲಿ 5 ಕಿಲೋ, ಬೆಂಚ್‌ನಲ್ಲಿ 2.5 ಕಿಲೋ ಸೇರಿಸಿ ಮತ್ತೆ ಮೊದಲಿನಿಂದ. ನಿಧಾನ ಎನ್ನಿಸುತ್ತದೆ. ಆದರೆ ಕೆಲಸ, ಮನೆ, ಬಸ್ ಪ್ರಯಾಣಗಳ ನಡುವೆ ಜಿಮ್‌ಗೆ ಬರುವವರಿಗೆ ನಿದ್ದೆಗೆಟ್ಟ ದಿನವೂ ಮುಗಿಸಬಹುದಾದ ಭಾರ ಇದರಲ್ಲಿರುತ್ತದೆ ಎಂಬ ಕಾರಣಕ್ಕೆ ನಾನು ಇದನ್ನು ಮೆಚ್ಚುತ್ತೇನೆ.

ಆಸೆ ಹುಟ್ಟಿಸುವ ಕ್ರಮಗಳು ಬೇರೆಯೇ ಇವೆ. ಒಹಾಯೊದ ಕೊಲಂಬಸ್‌ನಲ್ಲಿ ಲೂಯಿ ಸಿಮನ್ಸ್ ಕಟ್ಟಿದ ವೆಸ್ಟ್‌ಸೈಡ್ ಬಾರ್ಬೆಲ್ ಪದ್ಧತಿಯಲ್ಲಿ ಬಾರ್‌ಗೆ ಸರಪಳಿ, ರಬ್ಬರ್ ಪಟ್ಟಿ ಕಟ್ಟಿ ಎತ್ತುತ್ತಾರೆ. ಅಲ್ಲಿನ ದೊಡ್ಡ ದಾಖಲೆಗಳು ಬಹುಮಟ್ಟಿಗೆ ದಪ್ಪ ಬಟ್ಟೆಯ ಸೂಟ್ ತೊಟ್ಟವರವು. ಕೆಳಗೆ ಕುಳಿತಾಗ ಆ ಸೂಟ್ ಮೇಲಕ್ಕೆ ಒತ್ತುತ್ತದೆ. ಬೆಲ್ಟ್, ಮೊಣಕಾಲ ಪಟ್ಟಿಯಷ್ಟನ್ನೇ ತೊಟ್ಟು ಎತ್ತುವವರ ಕಷ್ಟದ ಜಾಗ ಕೆಳಗಡೆಯೇ ಇರುವುದರಿಂದ ಆ ಪದ್ಧತಿಯನ್ನು ಹಾಗೇ ನಕಲು ಮಾಡುವುದು ಸರಿಹೋಗದು. ಇನ್ನೊಂದು ರಷ್ಯಾ ಮೂಲದ ಸ್ಮೋಲೋವ್. ಅದರ ಆರಂಭದ ಹಂತದಲ್ಲಿ ವಾರಕ್ಕೆ ನಾಲ್ಕು ದಿನ ಸ್ಕ್ವಾಟ್: ಒಂದು ದಿನ ಒಂಬತ್ತರ ನಾಲ್ಕು ಸೆಟ್, ಇನ್ನೊಂದು ದಿನ ಏಳರ ಐದು, ಮತ್ತೊಂದು ದಿನ ಐದರ ಏಳು, ಕೊನೆಗೆ ಮೂರರ ಹತ್ತು. ಕೂಡಿದರೆ ವಾರಕ್ಕೆ 136 ಸಲ, ಭಾರ ಗರಿಷ್ಠದ ಶೇ. 70ರಿಂದ 85. ಇದು ಕೆಲವರ ಸ್ಕ್ವಾಟ್ ಏರಿಸಿದ್ದು ನಿಜ. ಮೊಣಕಾಲು, ಸೊಂಟ ಕೆಡಿಸಿಕೊಂಡವರೂ ಇದ್ದಾರೆ. ವರ್ಷಗಳ ತಳಪಾಯವಿಲ್ಲದವರು ಇದರ ಹತ್ತಿರ ಸುಳಿಯುವುದು ಬೇಡ.

ಕಾಗದದ ಮೇಲೆ ಎಷ್ಟೇ ಚೆನ್ನಾಗಿದ್ದರೂ ಕ್ರಮ ನಿಮ್ಮ ಜಿಮ್‌ನಲ್ಲಿ ನಡೆಯಬೇಕಲ್ಲ? ನಮ್ಮ ಬಡಾವಣೆಗಳ ಎಷ್ಟೋ ಜಿಮ್‌ಗಳಲ್ಲಿ ಅತಿ ಸಣ್ಣ ಪ್ಲೇಟ್ 2.5 ಕಿಲೋದ್ದು. ಎರಡೂ ಬದಿಗೆ ಹಾಕಿದರೆ ಒಮ್ಮೆಗೇ 5 ಕಿಲೋ ಏರುತ್ತದೆ. 30 ಕಿಲೋ ಬೆಂಚ್ ಮಾಡುವ ಹೆಣ್ಣುಮಗಳಿಗೆ ಅದು ಆರನೆಯ ಒಂದು ಪಾಲು ಹೆಚ್ಚಿದಂತೆ. ಅವರಿಗೆ ಬಲ ಬರುತ್ತಿಲ್ಲ ಎಂದು ಹೇಳುವ ಮೊದಲು 1.25 ಕಿಲೋ ಪ್ಲೇಟಿನ ಜೋಡಿಯೊಂದನ್ನು ಕೊಡಬೇಕು. ಸ್ವಂತಕ್ಕೆ ಕೊಂಡು ಚೀಲದಲ್ಲಿ ಒಯ್ದರೂ ಸರಿ, ಇದಕ್ಕಿಂತ ಉಪಯೋಗದ ಖರ್ಚು ಈ ಆಟದಲ್ಲಿ ಕಡಮೆ. ಬಾರ್ ಕೈತಪ್ಪಿದರೆ ತಡೆಯುವ ಅಡ್ಡಕಂಬಿಗಳ ರ‍್ಯಾಕ್ ಇಲ್ಲದ ಕಡೆ, ಒಬ್ಬರೇ ಗರಿಷ್ಠ ಭಾರಕ್ಕೆ ಕೈಹಾಕಬೇಕೆನ್ನುವ ಕ್ರಮವನ್ನು ಆರಿಸಲೇಬಾರದು. ರಕ್ತದೊತ್ತಡ, ಹರ್ನಿಯಾ ಇರುವವರು ಮೊದಲು ವೈದ್ಯರನ್ನು ಕಾಣಬೇಕು, ಏಕೆಂದರೆ ಉಸಿರು ಬಿಗಿಹಿಡಿದು ಎತ್ತುವಾಗ ಒತ್ತಡ ಬಹಳ ಏರುತ್ತದೆ.

ಇನ್ನು ಆನ್‌ಲೈನ್ ಕೋಚ್ ವಿಚಾರ. ದೂರದಿಂದ ಕಲಿಸುವುದು ಅಂತರ್ಜಾಲದ ಜೊತೆ ಹುಟ್ಟಿದ್ದಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸುತ್ತ, 1930ರ ದಶಕದಲ್ಲೇ ಅಂಚೆಯ ಮೂಲಕ ಅಂಗಸಾಧನೆ ಕಲಿಸುತ್ತಿದ್ದರು. ಗರಡಿಯ ಉಸ್ತಾದರು ಮಟ್ಟಿಯ ಅಂಚಿನಲ್ಲಿ ನಿಂತು ಕಣ್ಣಾರೆ ಕಂಡು ತಿದ್ದುತ್ತಿದ್ದರು. ಅಂಚೆಯ ಶಿಕ್ಷಣಕ್ಕೆ ಆ ಕಣ್ಣು ಇರಲಿಲ್ಲ. ಈಗ ಫೋನಿನ ವಿಡಿಯೊ ಆ ಕೊರತೆಯನ್ನು ಬಹುಪಾಲು ತುಂಬಿದೆ. ಹಾಗಾಗಿ ಆನ್‌ಲೈನ್ ಕೋಚ್‌ಗೆ ಹಣ ಕೊಡುವುದು ಅಂಕಿಗಳ ಹಾಳೆಗಲ್ಲ, ಹಾಳೆ ಪುಕ್ಕಟೆಯಾಗಿಯೇ ಸಿಗುತ್ತದೆ. ನೀವು ಕಳಿಸಿದ್ದನ್ನು ನೋಡಿ ಮುಂದಿನ ವಾರವನ್ನು ಬದಲಿಸುವ ತಿಳಿವಳಿಕೆಗೆ ಕೊಡುವುದು.

ಆ ತಿಳಿವಳಿಕೆ ಕೋಚ್‌ಗೆ ಇದೆಯೇ ಎಂದು ಪರೀಕ್ಷಿಸುವುದು ಸುಲಭ. ಮೊದಲ ಮಾತುಕತೆಯಲ್ಲಿ ಅವರು ನಿಮ್ಮನ್ನು ಏನೇನು ಕೇಳಿದರು? ಹಳೆಯ ಗಾಯ, ನಿದ್ದೆ, ಪಾಳಿ ಕೆಲಸ, ಜಿಮ್‌ನಲ್ಲಿರುವ ಸಲಕರಣೆ, ಮನೆಯಲ್ಲಿ ಮಾಡುವ ಅಡಿಗೆ, ಮುಂದಿನ ಸ್ಪರ್ಧೆಯ ತಾರೀಖು ಇವನ್ನೆಲ್ಲ ಕೇಳದೆ ದುಡ್ಡು ಕಳಿಸುವ ದಾರಿ ಮಾತ್ರ ಹೇಳಿದವರಿಂದ ಬರುವುದು ಎಲ್ಲರಿಗೂ ಹೋಗುವ ಅದೇ ಹಾಳೆ. ಮುದ್ದೆ, ಸಾರು, ಮೊಸರು ಉಣ್ಣುವ ಮನೆಯವರಿಗೆ ಓಟ್ಸ್, ಕೋಳಿಮಾಂಸದ ಪಟ್ಟಿ ಕಳಿಸಿದ್ದಾರೆಂದರೆ ಕೇಳಿಯೇ ಇಲ್ಲ ಎಂದಾಯಿತು. ವಿಡಿಯೊಗೆ ಎಷ್ಟು ದಿನದಲ್ಲಿ ಉತ್ತರ ಬರುತ್ತದೆ, ಉತ್ತರಿಸುವವರು ಅವರೋ ಸಹಾಯಕರೋ ಎಂಬುದನ್ನು ದುಡ್ಡು ಕೊಡುವ ಮೊದಲೇ ತಿಳಿದುಕೊಳ್ಳಿ. ವರ್ಷದ ಶುಲ್ಕ ಒಟ್ಟಿಗೆ ಕಟ್ಟಬೇಡಿ. ತಿಂಗಳ ಲೆಕ್ಕದಲ್ಲಿ ತೊಡಗಿ, ಮೂರು ತಿಂಗಳ ಬಳಿಕ ನೋಡಿ. ಕೋಚ್ ಸ್ವತಃ ಎಷ್ಟು ಎತ್ತುತ್ತಾರೆ ಎಂಬುದಕ್ಕಿಂತ, ನಿಮ್ಮಂಥ ವಯಸ್ಸು, ನಿಮ್ಮಂಥ ದಿನಚರಿಯ ಶಿಷ್ಯರು ಎರಡು ಮೂರು ವರ್ಷ ಅವರಲ್ಲೇ ಉಳಿದಿದ್ದಾರೆಯೇ ಎಂಬುದು ಹೆಚ್ಚು ಹೇಳುತ್ತದೆ.

ಇಷ್ಟು ಕಿಲೋ ಖಂಡಿತ ಏರಿಸುತ್ತೇನೆ ಎಂದು ಭಾಷೆ ಕೊಡುವವರು, ನೋವು ಹೇಳಿದರೆ ಧೈರ್ಯ ಸಾಲದು ಎನ್ನುವವರು, ತಾವೇ ಮಾರುವ ಪುಡಿಡಬ್ಬಿ ಕಡ್ಡಾಯ ಎನ್ನುವವರಿಂದ ದೂರವಿರಿ. ಪುಡಿಯಲ್ಲಿ ನಿಷೇಧಿತ ವಸ್ತು ಬೆರೆತಿದ್ದರೆ, ಗೊತ್ತಿರಲಿಲ್ಲ ಎಂಬ ಮಾತು ಉದ್ದೀಪನ ಮದ್ದಿನ ಪರೀಕ್ಷೆಯ ಮುಂದೆ ನಿಲ್ಲುವುದಿಲ್ಲ, ಹೊಣೆ ಆಟಗಾರರದ್ದೇ. ಚುಚ್ಚುಮದ್ದಿನ ಮಾತೆತ್ತಿದವರ ಜೊತೆ ಆ ದಿನವೇ ವ್ಯವಹಾರ ಮುಗಿಸಿ.

ನಿಮ್ಮ ಕಡೆಯಿಂದಲೂ ಕೋಚ್‌ಗೆ ಸಿಗಬೇಕಾದ್ದಿದೆ. ಪ್ರತಿ ಸೆಟ್‌ನ ಭಾರ, ರೆಪ್, ಜೊತೆಗೆ ಇನ್ನೆಷ್ಟು ರೆಪ್ ಸಾಧ್ಯವಿತ್ತು ಎಂಬ ಪ್ರಾಮಾಣಿಕ ಅಂದಾಜು. ಇದನ್ನೇ ಆರ್‌ಪಿಇ ಅಂಕವಾಗಿ ಹೇಳುವುದು: ಇನ್ನು ಎರಡು ಉಳಿದಿದ್ದರೆ 8, ಒಂದು ಉಳಿದಿದ್ದರೆ 9, ಏನೂ ಉಳಿಯದಿದ್ದರೆ 10. ಸ್ಕ್ವಾಟ್‌ನ ವಿಡಿಯೊವನ್ನು ಸೊಂಟದ ಎತ್ತರದಲ್ಲಿ ಪಕ್ಕದಿಂದ ತೆಗೆಯಿರಿ. ತೊಡೆಸಂದಿನ ಮಡಿಕೆ ಮೊಣಕಾಲ ಮೇಲ್ಭಾಗಕ್ಕಿಂತ ಕೆಳಗಿಳಿಯದಿದ್ದರೆ ಸ್ಪರ್ಧೆಯಲ್ಲಿ ರೆಫ್ರಿ ಕೆಂಪು ದೀಪ ಬೆಳಗಿಸಿ ಲಿಫ್ಟನ್ನು ತಳ್ಳಿಹಾಕುತ್ತಾರೆ, ಮೇಲಿನಿಂದ ಹಿಡಿದ ಕ್ಯಾಮೆರಾ ಈ ದೋಷವನ್ನು ಮರೆಸುತ್ತದೆ. ಬೆಂಚ್‌ನಲ್ಲೂ ಅಷ್ಟೆ, ಬಾರ್ ಎದೆಯ ಮೇಲೆ ನಿಶ್ಚಲವಾಗಿ ನಿಂತು, ರೆಫ್ರಿ ‘ಪ್ರೆಸ್’ ಎಂದ ಮೇಲೆಯೇ ತಳ್ಳಬೇಕು. ತಡೆದು ತಳ್ಳುವ ಅಭ್ಯಾಸವೇ ಇಲ್ಲದ ಕ್ರಮ ಸ್ಪರ್ಧಿಗೆ ಸಾಲದು.

ಸ್ಪರ್ಧೆಯ ದಿನ ದೂರದ ಕೋಚ್ ಪಕ್ಕದಲ್ಲಿರುವುದಿಲ್ಲ ಎಂಬುದನ್ನೂ ಮೊದಲೇ ಯೋಚಿಸಬೇಕು. ಒಂದು ಲಿಫ್ಟ್ ಮುಗಿದು ದೀಪ ಬೆಳಗಿದ ಮೇಲೆ ಮುಂದಿನ ಭಾರವನ್ನು ಒಂದು ನಿಮಿಷದೊಳಗೆ ಅಧಿಕಾರಿಗಳ ಮೇಜಿಗೆ ಬರೆದುಕೊಡಬೇಕು. ಏದುಸಿರು ಬಿಡುತ್ತಿರುವವರಿಗೆ ಆಗ ಲೆಕ್ಕ ಹೊಳೆಯುವುದಿಲ್ಲ. ಮೊದಲ ಭಾರ ಜಿಮ್‌ನಲ್ಲಿ ಸಲೀಸಾಗಿ ಮೂರು ಸಲ ಎತ್ತಬಲ್ಲಷ್ಟಿರಲಿ. ಎರಡನೆಯದಕ್ಕೆ, ಮೂರನೆಯದಕ್ಕೆ ‘ಸುಲಭವಾದರೆ ಇಷ್ಟು, ಕಷ್ಟವಾದರೆ ಇಷ್ಟು’ ಎಂದು ಕೋಚ್‌ನಿಂದ ಹಿಂದಿನ ವಾರವೇ ಬರೆಸಿಕೊಳ್ಳಿ. ಆ ಚೀಟಿಯನ್ನು ಜೊತೆಗೆ ಬರುವ ಜಿಮ್ ಗೆಳೆಯರಿಗೆ ಕೊಟ್ಟು, ಮೇಜಿನ ಬಳಿ ಹೋಗುವ ಕೆಲಸವನ್ನು ಅವರಿಗೇ ಬಿಡಿ.